ಕಾಲೇಜು ಫೀಸಿಗೆ ದುಡ್ಡು ಹೊಂದಿಸುವುದು ಹೇಗೆ: ಕರ್ನಾಟಕದ ವಿದ್ಯಾರ್ಥಿಗಳಿಗೆ ನಾಡಕಚೇರಿಯಿಂದ ಕೊನೆಯ ಕಂತಿನವರೆಗೆ

ಸೀಟು ಸಿಕ್ಕಿತು ಅಂದ ಮೇಲೆ ಫೀಸು ಕಟ್ಟಲು ಸಿಗುವುದು ಕೆಲವೇ ದಿನ. ಸ್ಕಾಲರ್‌ಶಿಪ್ ಖಾತೆಗೆ ಬೀಳುವುದು ತಿಂಗಳುಗಳ ಮೇಲೆ, ಎಷ್ಟೋ ಸಲ ಮುಂದಿನ ವರ್ಷದ ಫೀಸಿನ ಹೊತ್ತಿಗೆ. ಬ್ಯಾಂಕ್ ಸಾಲಕ್ಕೆ ವಾರಗಟ್ಟಲೆ ಓಡಾಟ. ಈ ಸಂದಿಯಲ್ಲೇ ಮನೆಯವರು ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗುತ್ತಾರೆ. ಬರಬೇಕಾದ ಹಣ ಬರುತ್ತದೆ, ಬೇಕಾದ ದಿನಕ್ಕೆ ಬರುವುದಿಲ್ಲ, ಅಷ್ಟೇ. ಹಾಗಾಗಿ ಫೀಸಿನ ತಯಾರಿ ರಿಸಲ್ಟ್ ಬಂದ ಮೇಲೆ ಶುರುವಾಗಬಾರದು. ದ್ವಿತೀಯ ಪಿಯು ಓದುತ್ತಿರುವಾಗಲೇ, ಪರೀಕ್ಷೆಗೆ ಮೊದಲೇ ಆಗಬೇಕಾದ ಕೆಲಸಗಳಿವೆ. ಅಲ್ಲಿಂದಲೇ ಹೊರಡೋಣ.

ಹಂತ 1: ಕಾಗದಪತ್ರ, ಅದರಲ್ಲೂ ಹೆಸರು

ಮೊದಲು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರ ಬಿಡದೆ ಓದಿ. ನಮ್ಮ ಕಡೆ ಇನಿಷಿಯಲ್‌ನದೇ ದೊಡ್ಡ ರಗಳೆ. ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಕೆ’ ಎಂದಿರುತ್ತದೆ, ಆಧಾರ್‌ನಲ್ಲಿ ‘ಮಂಜುನಾಥ್ ಕೆಂಪಯ್ಯ’, ಪಾಸ್‌ಬುಕ್‌ನಲ್ಲಿ ‘ಕೆ ಮಂಜುನಾಥ’. ಊರಿನವರಿಗೆ ಮೂವರೂ ಒಬ್ಬನೇ, ಕಂಪ್ಯೂಟರಿಗೆ ಮೂವರು ಬೇರೆ ಬೇರೆ. ಹುಟ್ಟಿದ ದಿನಾಂಕವನ್ನೂ ಹೀಗೇ ತಾಳೆ ನೋಡಿ. ವ್ಯತ್ಯಾಸವಿದ್ದರೆ ಮಾರ್ಕ್ಸ್ ಕಾರ್ಡಿಗೆ ಹೊಂದುವಂತೆ ಆಧಾರ್ ತಿದ್ದಿಸಿ, ಅದನ್ನು ತೋರಿಸಿ ಬ್ಯಾಂಕಿನಲ್ಲಿ ತಿದ್ದಿಸಿ. ಮಾರ್ಕ್ಸ್ ಕಾರ್ಡನ್ನೇ ತಿದ್ದಿಸಲು ಹೊರಟರೆ ಇದಕ್ಕಿಂತ ದೂರದ ದಾರಿ.

ಎರಡನೆಯದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಗ್ರಾಮ ಆಡಳಿತಾಧಿಕಾರಿಯ ವರದಿಯಾಗಿ, ಆರ್‌ಡಿ ಎಂದು ಶುರುವಾಗುವ ನಂಬರಿನೊಂದಿಗೆ ಪತ್ರ ಕೈಗೆ ಬರುತ್ತದೆ. ಮುಂದೆ ಸಿಇಟಿ ಅರ್ಜಿಯಾಗಲಿ, ಸ್ಕಾಲರ್‌ಶಿಪ್ ಆಗಲಿ, ಬಡ್ಡಿ ಸಬ್ಸಿಡಿಯಾಗಲಿ, ಎಲ್ಲರೂ ಕೇಳುವುದು ಈ ಪತ್ರವನ್ನೇ. ಹಳೆಯದಿದ್ದರೆ ಅವಧಿ ಮುಗಿದಿದೆಯೇ ನೋಡಿ. ಜೂನ್ ತಿಂಗಳಲ್ಲಿ ನಾಡಕಚೇರಿಯ ಮುಂದಿನ ಸಾಲು ಕಂಡವರು ಡಿಸೆಂಬರ್‌ನಲ್ಲೇ ಈ ಕೆಲಸ ಮುಗಿಸುತ್ತಾರೆ.

ಮೂರನೆಯದನ್ನು ಜನ ಮರೆಯುವುದೇ ಹೆಚ್ಚು: ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರ. 1ರಿಂದ 10ನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಅಥವಾ ಕನ್ನಡದಲ್ಲಿ ಓದಿದ್ದರೆ ಸಿಇಟಿಯಲ್ಲಿ ಅದಕ್ಕೆ ಮೀಸಲಾತಿ ಇದೆ. ಓದಿದ ಶಾಲೆಯ ಮುಖ್ಯ ಶಿಕ್ಷಕರು ಬರೆದುಕೊಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿ ಮೇಲುಸಹಿ ಮಾಡಬೇಕು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿಗಾಗಿ ಅರ್ಹತಾ ಪತ್ರ ಬೇರೆ. ಫೀಸಿನ ಬರಹದಲ್ಲಿ ಮೀಸಲಾತಿಯ ಮಾತೇಕೆ ಅನ್ನಬೇಡಿ. ಸರ್ಕಾರಿ ಕೋಟಾದ ಸೀಟಿಗೂ ಅದೇ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೂ ಫೀಸಿನಲ್ಲಿ ಇರುವ ಅಂತರದ ಮುಂದೆ ಯಾವ ಸ್ಕಾಲರ್‌ಶಿಪ್ಪೂ ಚಿಲ್ಲರೆಯೇ. ದುಡ್ಡು ಉಳಿಸುವ ಅತಿ ದೊಡ್ಡ ಅವಕಾಶ ಇರುವುದು ಸೀಟಿನ ಆಯ್ಕೆಯಲ್ಲಿ.

ಹಂತ 2: ಖಾತೆಗೆ ಹಣ ಬೀಳುವಂತಿದೆಯೇ ನೋಡಿಕೊಳ್ಳಿ

ಸರ್ಕಾರದ ಸ್ಕಾಲರ್‌ಶಿಪ್ ನೀವು ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗೆ ಬರುತ್ತದೆ ಎಂದು ತಿಳಿದಿದ್ದರೆ, ಬಹುಪಾಲು ಯೋಜನೆಗಳಲ್ಲಿ ಹಾಗಲ್ಲ. ಹಣ ಆಧಾರ್ ಸಂಖ್ಯೆಯ ಮೇಲೆ ಬರುತ್ತದೆ. ಆ ಆಧಾರ್‌ಗೆ ಯಾವ ಬ್ಯಾಂಕ್ ಎಂದು ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಪಟ್ಟಿಯಲ್ಲಿ ನಮೂದಾಗಿದೆಯೋ ಆ ಬ್ಯಾಂಕಿಗೆ ಹೋಗುತ್ತದೆ. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ’ ಅನ್ನುವುದಕ್ಕೂ ‘ಎನ್‌ಪಿಸಿಐ ಸೀಡಿಂಗ್ ಆಗಿದೆ’ ಅನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಅವರ ದಾಖಲೆಗೆ, ಎರಡನೆಯದು ನಿಮ್ಮ ಹಣಕ್ಕೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ ಕೊನೆಗೆ ಸೀಡಿಂಗ್ ಮಾಡಿಸಿದ ಬ್ಯಾಂಕ್ ಮಾತ್ರ ಲೆಕ್ಕಕ್ಕೆ. ‘ಸ್ಕಾಲರ್‌ಶಿಪ್ ಬಂದೇ ಇಲ್ಲ’ ಎಂದು ಕಾಲೇಜಿನ ಕ್ಲರ್ಕ್ ಜೊತೆ ಜಗಳವಾಡುವ ಮೊದಲು ಹಳೆಯ ಖಾತೆಯ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ನೋಡಿ.

ಪರೀಕ್ಷಿಸುವುದು ಸುಲಭ. ಮೈ ಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ಒಳಹೊಕ್ಕರೆ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂಬುದಿದೆ. ಅಲ್ಲಿ ಬ್ಯಾಂಕಿನ ಹೆಸರು, ‘ಆಕ್ಟಿವ್’ ಎಂಬ ಮಾತು ಕಾಣಬೇಕು. ಇದಕ್ಕೆ ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆಯಾಗಿರಬೇಕು, ಆ ಸಿಮ್ ಚಾಲ್ತಿಯಲ್ಲಿಯೂ ಇರಬೇಕು.

ಶಾಲೆಯಲ್ಲಿದ್ದಾಗ ತೆರೆದ ಮೈನರ್ ಖಾತೆಯೇ ಈಗಲೂ ಇದ್ದರೆ ಇನ್ನೊಂದು ತೊಡಕು. 18 ತುಂಬಿದ ಮೇಲೆ ಹೊಸದಾಗಿ ಕೆವೈಸಿ ಕೊಟ್ಟು, ಹೊಸ ಸಹಿ ಮಾಡಿ ಮೇಜರ್ ಖಾತೆಯಾಗಿ ಬದಲಿಸಿಕೊಳ್ಳದಿದ್ದರೆ ವ್ಯವಹಾರ ತಡೆಹಿಡಿಯುತ್ತಾರೆ. ಹೊಸ ಖಾತೆಯೇ ತೆರೆಯುವುದಾದರೆ ಮಿನಿಮಮ್ ಬ್ಯಾಲೆನ್ಸ್ ಬೇಡದ ಬೇಸಿಕ್ ಉಳಿತಾಯ ಖಾತೆ ಕೇಳಿ ಪಡೆಯಿರಿ.

ಹಂತ 3: ಪೂರ್ತಿ ಕೋರ್ಸಿನ ಲೆಕ್ಕ

ಒಂದು ವರ್ಷದ ಟ್ಯೂಷನ್ ಫೀಸು ನೋಡಿ ‘ಆಗಬಹುದು’ ಅಂದುಕೊಳ್ಳಬೇಡಿ. ನಾಲ್ಕು ವರ್ಷದ ಕೋರ್ಸಾದರೆ ನಾಲ್ಕೂ ವರ್ಷದ್ದನ್ನು ಬರೆಯಿರಿ: ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರಕ್ಕೆ ಕಟ್ಟುವ ಫೀಸು, ಕಾಲೇಜಿನವರು ಕೇಳುವ ಇತರ ಶುಲ್ಕ, ವಿಶ್ವವಿದ್ಯಾಲಯದ ನೋಂದಣಿ, ಪ್ರತಿ ಸೆಮಿಸ್ಟರಿನ ಪರೀಕ್ಷಾ ಶುಲ್ಕ, ಹಾಸ್ಟೆಲ್ ಅಥವಾ ಪಿಜಿ ಡೆಪಾಸಿಟ್, ಮೆಸ್, ಲ್ಯಾಪ್‌ಟಾಪ್, ಊರಿಗೆ ಓಡಾಟ. ಇತರ ಶುಲ್ಕ ಎಷ್ಟೆಂದು ಕೌನ್ಸೆಲಿಂಗ್‌ಗೆ ಮೊದಲೇ ಆ ಕಾಲೇಜಿನ ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಿ. ಬ್ರೋಷರಿನಲ್ಲಿ ಇಲ್ಲದ್ದೂ ಅವರ ಬಾಯಲ್ಲಿ ಬರುತ್ತದೆ.

ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಬೇಕು. ಕ್ಯಾಪಿಟೇಷನ್ ಶುಲ್ಕ ವಸೂಲಿಯನ್ನು ನಮ್ಮ ರಾಜ್ಯ 1984ರ ಕಾಯ್ದೆಯಲ್ಲೇ ನಿಷೇಧಿಸಿದೆ. ‘ಈ ಭಾಗಕ್ಕೆ ರಸೀದಿ ಇಲ್ಲ’ ಎಂದರೆ ಆ ಹಣಕ್ಕೆ ಸ್ಕಾಲರ್‌ಶಿಪ್ಪೂ ಇಲ್ಲ, ಬ್ಯಾಂಕ್ ಸಾಲವೂ ಇಲ್ಲ, ಬಿಟ್ಟು ಹೋದರೆ ವಾಪಸ್ಸೂ ಇಲ್ಲ. ಯುಜಿಸಿ ನಿಯಮದ ಪ್ರಕಾರ ಕಾಲೇಜಿನವರು ಮೂಲ ಮಾರ್ಕ್ಸ್ ಕಾರ್ಡುಗಳನ್ನು ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ. ಪರಿಶೀಲಿಸಿ ಹಿಂದಿರುಗಿಸಬೇಕು.

ಹಂತ 4: ಮೊದಲು ಮರಳಿಸಬೇಕಿಲ್ಲದ ಹಣ

ಎಂಜಿನಿಯರಿಂಗ್‌ಗೆ ಹೋಗುವವರು ಎಸ್‌ಎನ್‌ಕ್ಯೂ (ಸೂಪರ್ ನ್ಯೂಮರರಿ ಕೋಟಾ) ಸೀಟನ್ನು ಮೊದಲು ನೋಡಲಿ. ಕಾಲೇಜಿನ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5ರಷ್ಟು ಸೀಟು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರಿಗೆ ಟ್ಯೂಷನ್ ಫೀಸು ಮಾಫಿ. ಉಳಿದ ಶುಲ್ಕ ಕಟ್ಟಲೇಬೇಕು. ಸೀಟು ಕಡಿಮೆ ಇರುವುದರಿಂದ ರ‍್ಯಾಂಕ್ ಚೆನ್ನಾಗಿರಬೇಕು, ಅರ್ಜಿಯಲ್ಲಿ ಆದಾಯದ ವಿವರವೂ ಸರಿಯಾಗಿರಬೇಕು.

ರಾಜ್ಯದ ಸ್ಕಾಲರ್‌ಶಿಪ್‌ಗಳಿಗೆಲ್ಲ ಒಂದೇ ಬಾಗಿಲು, ಎಸ್‌ಎಸ್‌ಪಿ ಅಂದರೆ ರಾಜ್ಯ ಸ್ಕಾಲರ್‌ಶಿಪ್ ಪೋರ್ಟಲ್. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಹೀಗೆ ಇಲಾಖೆ ಯಾವುದಾದರೂ ಪೋಸ್ಟ್ ಮೆಟ್ರಿಕ್ ಅರ್ಜಿ ಇಲ್ಲಿಯೇ. ಇಲ್ಲಿ ಜನ ಎಡವುವುದು ಇ-ದೃಢೀಕರಣದಲ್ಲಿ. ಸ್ಟಡಿ ಸರ್ಟಿಫಿಕೇಟ್, ಫೀಸು ರಸೀದಿ ಮುಂತಾದವನ್ನು ಕಾಲೇಜಿನಲ್ಲಿ ಅದಕ್ಕೆಂದೇ ನೇಮಿಸಿದ ಅಧಿಕಾರಿ ಆನ್‌ಲೈನ್‌ನಲ್ಲಿ ದೃಢೀಕರಿಸಬೇಕು. ಕೊನೆಯ ದಿನ ಹೋದರೆ ಅವರ ಮುಂದೆ ನೂರು ಜನರಿರುತ್ತಾರೆ. ಅರ್ಜಿ ಹಾಕಿ ಬಿಟ್ಟರೂ ಸಾಲದು. ಹದಿನೈದು ದಿನಕ್ಕೊಮ್ಮೆ ‘ಸ್ಟೇಟಸ್’ ನೋಡಿ, ಎಲ್ಲಿ ನಿಂತಿದೆಯೋ ಆ ಮೇಜಿಗೇ ಹೋಗಿ ಕೇಳಿ.

ಹಾಸ್ಟೆಲ್‌ಗೆ ಬೇರೆ ಅರ್ಜಿ, ಬೇರೆ ಪೋರ್ಟಲ್. ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳು ಕೊಡುತ್ತಾರೆ. ಪಿಜಿ ಬಾಡಿಗೆಗೆ ಸಾಲದು, ಆದರೂ ವರ್ಷಕ್ಕೆ 15,000.

ಕೇಂದ್ರದ್ದಕ್ಕೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್. ಅಲ್ಲಿ ಮೊದಲು ಒಟಿಆರ್ ಎಂಬ ಒಂದೇ ಸಲದ ನೋಂದಣಿ. ಪಿಯು ಮಂಡಳಿಯಲ್ಲಿ ಮೇಲಿನ ಶೇ 20ರೊಳಗೆ ಬಂದವರಿಗೆ, ಆದಾಯ 4.5 ಲಕ್ಷದೊಳಗಿದ್ದರೆ, ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿಯ ಸ್ಕಾಲರ್‌ಶಿಪ್ ಇದೆ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಪ್ರಗತಿ ಯೋಜನೆ ತಾಂತ್ರಿಕ ಡಿಪ್ಲೊಮಾ ಅಥವಾ ಪದವಿಗೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ಕೊಡುತ್ತದೆ. ಆದಾಯ ಮಿತಿ 8 ಲಕ್ಷ, ಒಂದು ಕುಟುಂಬದಿಂದ ಇಬ್ಬರಿಗೆ. ಅಂಗವೈಕಲ್ಯ ಶೇ 40 ಅಥವಾ ಹೆಚ್ಚಿದ್ದರೆ ಸಕ್ಷಮ್ ಯೋಜನೆಯಲ್ಲಿ ಅಷ್ಟೇ ಮೊತ್ತ. ಖಾಸಗಿಯಾಗಿ, ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ ಬಂದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000. ಸಾಮಾನ್ಯವಾಗಿ ಎರಡು ಸರ್ಕಾರಿ ಸ್ಕಾಲರ್‌ಶಿಪ್ ಒಟ್ಟಿಗೆ ಪಡೆಯುವಂತಿಲ್ಲ. ಮೊತ್ತ ನೋಡಿ ದೊಡ್ಡದನ್ನು ಆರಿಸಿಕೊಳ್ಳಿ. ಬಹುತೇಕ ಎಲ್ಲದಕ್ಕೂ ವರ್ಷ ವರ್ಷ ನವೀಕರಣ ಇರುತ್ತದೆ. ಮೊದಲ ವರ್ಷ ಉತ್ಸಾಹದಿಂದ ಹಾಕಿ ಎರಡನೇ ವರ್ಷ ಮರೆಯುವವರಿಗೆ ಲೆಕ್ಕವಿಲ್ಲ.

ಹಂತ 5: ಸಾಲ

ಬ್ಯಾಂಕಿಗೆ ಹೋಗುವ ಮೊದಲು ನಿಮ್ಮ ವರ್ಗದ ಅಭಿವೃದ್ಧಿ ನಿಗಮದಲ್ಲಿ ವಿಚಾರಿಸಿ. ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ನಿಗಮಗಳು ‘ಅರಿವು’ ಹೆಸರಿನಲ್ಲಿ ಸಿಇಟಿ ಮೂಲಕ ಸೇರಿದವರಿಗೆ ಬ್ಯಾಂಕಿಗಿಂತ ತೀರಾ ಕಡಿಮೆ ಬಡ್ಡಿಯಲ್ಲಿ ಸಾಲ ಕೊಡುತ್ತವೆ. ಅದು ಸಿಕ್ಕಿಯೂ ಉಳಿದದ್ದಕ್ಕೆ ಬ್ಯಾಂಕ್.

ಬ್ಯಾಂಕ್ ಸಾಲದ ಬಗ್ಗೆ ಗೊತ್ತಿರಬೇಕಾದ್ದು ಇಷ್ಟು. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ತಂದೆ ಅಥವಾ ತಾಯಿ ಜಂಟಿ ಸಾಲಗಾರರಾದರೆ ಸಾಕು. 7.5 ಲಕ್ಷದವರೆಗೆ ಸರ್ಕಾರದ ಸಾಲ ಖಾತರಿ ನಿಧಿ ಇದೆ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ, ಆಮೇಲೆ 15 ವರ್ಷದವರೆಗೆ ಅವಧಿ. ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಖರ್ಚನ್ನೂ ಸಾಲದಲ್ಲಿ ಸೇರಿಸಬಹುದು, ಆದರೆ ಅರ್ಜಿಯಲ್ಲೇ ಸೇರಿಸಿರಬೇಕು. ಸಾರ್ವಜನಿಕ ವಲಯದ ಹಲವು ಬ್ಯಾಂಕುಗಳು ಹೆಣ್ಣುಮಕ್ಕಳಿಗೆ ಬಡ್ಡಿಯಲ್ಲಿ ಅರ್ಧ ಶೇಕಡಾ ಬಿಡುತ್ತವೆ. ಕೇಳದೆ ಹೇಳುವುದಿಲ್ಲ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಇದರ ಮೇಲಿನ ಸೌಲಭ್ಯ. ಕೇಂದ್ರ ಸರ್ಕಾರ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಆಧಾರದ ಮೇಲೆ ಗುರುತಿಸಿದ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನ, ಜಾಮೀನು ಎರಡೂ ಇಲ್ಲದ ಸಾಲ. ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಬಡ್ಡಿಯಲ್ಲಿ ಶೇ 3 ಸಹಾಯಧನ, ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳ ಮಿತಿಯಲ್ಲಿ. 4.5 ಲಕ್ಷದೊಳಗಿನವರಿಗೆ ತಾಂತ್ರಿಕ, ವೃತ್ತಿಪರ ಕೋರ್ಸುಗಳಲ್ಲಿ ಆ ಅವಧಿಯ ಪೂರ್ತಿ ಬಡ್ಡಿಯನ್ನು ಸರ್ಕಾರವೇ ಕಟ್ಟುವ ಯೋಜನೆ ಮೊದಲಿಂದಲೂ ಇದೆ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ವಿದ್ಯಾಲಕ್ಷ್ಮಿ ಸಿಗುವುದಿಲ್ಲ.

ನಿಯಮ ಹೀಗಿದ್ದರೂ ಬ್ರಾಂಚಿನ ಕೌಂಟರಿನಲ್ಲಿ ಕೇಳಿಬರುವ ಮಾತು ಬೇರೆ. ‘ಈ ವರ್ಷದ ಟಾರ್ಗೆಟ್ ಆಯ್ತು’, ‘ನಿಮ್ಮ ಊರು ನಮ್ಮ ಬ್ರಾಂಚಿಗೆ ಬರಲ್ಲ’, ‘ಎಫ್‌ಡಿ ಇಡಿ ನೋಡೋಣ’. ನಿಂತು ವಾದ ಮಾಡಬೇಡಿ. ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಿ, ನಂಬರ್ ಹಿಡಿದು ಹೋಗಿ, ‘ಸಾರ್, ಆಗಲ್ಲ ಅನ್ನೋದಾದ್ರೆ ಕಾರಣ ಬರೆದು ಕೊಡಿ’ ಎಂದು ಸಮಾಧಾನದಿಂದ ಕೇಳಿ. ಬರೆದು ಕೊಡುವುದು ಎಂದ ಕೂಡಲೇ ಎಷ್ಟೋ ಕಡೆ ದನಿ ಬದಲಾಗುತ್ತದೆ. ಊರು ತಮ್ಮ ಸೇವಾ ವ್ಯಾಪ್ತಿಗೆ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಶಿಕ್ಷಣ ಸಾಲದ ಅರ್ಜಿ ತಿರಸ್ಕರಿಸಬಾರದೆಂಬ ಸೂಚನೆ ಇದೆ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು, ಶುಲ್ಕವಿಲ್ಲ. ಅವರ ಸಹಾಯವಾಣಿ 14448. ಅದೇ ಸಮಯದಲ್ಲಿ ಮತ್ತೊಂದು ಬ್ಯಾಂಕಿನಲ್ಲೂ ಪ್ರಯತ್ನ ನಡೆದಿರಲಿ. ಫೀಸಿನ ಕೊನೆಯ ದಿನ ನಿಮ್ಮ ದೂರಿಗಾಗಿ ಕಾಯುವುದಿಲ್ಲ.

ಈಗ ಬಡ್ಡಿ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ, ಶೇ 10ರ ದರ ಎಂದಿಟ್ಟುಕೊಳ್ಳಿ. ಓದುವಾಗ ಸರಳ ಬಡ್ಡಿ. ಓದಿನ ನಾಲ್ಕು ವರ್ಷ, ಮೇಲೆ ಕಂತಿಲ್ಲದ ಒಂದು ವರ್ಷ ಸೇರಿ ಮೊದಲ ಲಕ್ಷಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಹೀಗೆ ಕಂತು ಶುರುವಾಗುವ ಹೊತ್ತಿಗೆ ಬಡ್ಡಿಯೇ 1.4 ಲಕ್ಷ. ಅದು ಅಸಲಿಗೆ ಸೇರಿ ಸಾಲ 5.4 ಲಕ್ಷವಾಗುತ್ತದೆ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 7,140. ಬದಲಿಗೆ ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದರೆ, ಮೊದಲ ವರ್ಷ ತಿಂಗಳಿಗೆ 833, ಎರಡನೇ ವರ್ಷ 1,667 ಹೀಗೆ ಏರುತ್ತಾ ನಾಲ್ಕನೇ ವರ್ಷಕ್ಕೆ 3,333 ಆಗುತ್ತದೆ, ಕಂತಿಲ್ಲದ ಐದನೇ ವರ್ಷವೂ ಅಷ್ಟೇ. ಆಗ ಮುಂದಿನ ಕಂತು ಸುಮಾರು 5,290. ಒಟ್ಟಾರೆ ಉಳಿಯುವುದು 82,000 ರೂಪಾಯಿಯ ಹತ್ತಿರ. ಮನೆಯಲ್ಲಿ ಕಷ್ಟವಿದ್ದರೆ ಎಲ್ಲವನ್ನೂ ಕಟ್ಟಬೇಕಿಲ್ಲ, ಮೊದಲೆರಡು ವರ್ಷದ್ದನ್ನು ಕಟ್ಟಿದರೂ ಲಾಭವೇ. ಪೂರ್ತಿ ಬಡ್ಡಿ ಸಬ್ಸಿಡಿ ಸಿಗುವವರಿಗೆ ಈ ಲೆಕ್ಕ ಬೇಡ. ಆದರೆ ಸಬ್ಸಿಡಿಗೆ ನಿಮ್ಮ ಹೆಸರು ಹೋಗಿದೆಯೇ ಎಂದು ಪ್ರತಿ ವರ್ಷ ಬ್ರಾಂಚಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಹಂತ 6: ಫೀಸಿನ ದಿನಕ್ಕೂ ಹಣದ ದಿನಕ್ಕೂ ನಡುವೆ

ಮೊದಲು ಕಾಲೇಜಿನ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಕಂತಿಗೆ ಅನುಮತಿ ಕೇಳಿ. ಸಾಲ ಮಂಜೂರಾತಿ ಪತ್ರದ ಅಥವಾ ಸ್ಕಾಲರ್‌ಶಿಪ್ ಅರ್ಜಿಯ ಪ್ರತಿ ಜೊತೆಗಿಟ್ಟರೆ ಅರ್ಜಿಗೆ ತೂಕ ಬರುತ್ತದೆ. ಆಗದಿದ್ದರೆ ಮನೆಯ ಒಡವೆಯನ್ನು ಬ್ಯಾಂಕಿನಲ್ಲೋ ಸಹಕಾರ ಸಂಘದಲ್ಲೋ ಅಡವಿಡುವುದು ಕೈಸಾಲಕ್ಕಿಂತ ಎಷ್ಟೋ ವಾಸಿ. ಚಿನ್ನ ಇಡಲು ಅಮ್ಮನಿಗೆ ಮನಸ್ಸಾಗುವುದಿಲ್ಲ, ನಿಜ. ಆದರೆ ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ ಶೇ 60 ಎಂಬುದನ್ನು ಅವರ ಮುಂದೆ ಬರೆದು ತೋರಿಸಿ. ಸ್ಕಾಲರ್‌ಶಿಪ್ ಬಂದ ದಿನವೇ ಒಡವೆ ಬಿಡಿಸಿಕೊಳ್ಳಬೇಕು ಎಂಬ ಷರತ್ತು ಮನೆಯೊಳಗೇ ಇರಲಿ.

ಹಂತ 7: ತಿಂಗಳ ಖರ್ಚು

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಖರ್ಚು ಬರೆದಿಡುವ ಆ್ಯಪ್‌ಗಳನ್ನು ಹಾಕಿಕೊಂಡವರು ಎರಡನೇ ವಾರಕ್ಕೆ ಬಿಡುತ್ತಾರೆ. ಅದಕ್ಕಿಂತ ಎರಡು ಖಾತೆ ಇಟ್ಟುಕೊಳ್ಳುವುದು ಕೆಲಸ ಮಾಡುತ್ತದೆ. ಸ್ಕಾಲರ್‌ಶಿಪ್, ಮನೆಯ ಹಣ ಬೀಳುವ ಖಾತೆಗೆ ಯುಪಿಐ ಜೋಡಿಸಬೇಡಿ. ಇನ್ನೊಂದು ಖಾತೆಗೆ ಪ್ರತಿ ಸೋಮವಾರ ಆ ವಾರದ ಖರ್ಚಿನಷ್ಟೇ ಹಾಕಿಕೊಳ್ಳಿ. ಶುಕ್ರವಾರವೇ ಖಾಲಿಯಾದರೆ ಯಾಕೆಂದು ನಿಮಗೇ ಗೊತ್ತಾಗುತ್ತದೆ. ಎರಡನೇ ಖಾತೆ ತೆರೆಯುವಾಗ ಎನ್‌ಪಿಸಿಐ ಸೀಡಿಂಗ್ ಅಲ್ಲಿಗೆ ಹಾರಿಹೋಗದಂತೆ ಫಾರಂ ಓದಿ ಟಿಕ್ ಹಾಕಿ.

ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಹುಡುಗರು ಸೇವಾ ಸಿಂಧುವಿನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಲಿ. ಪಿಜಿಗೆ ಡೆಪಾಸಿಟ್ ಕೊಡುವಾಗ ಎಷ್ಟು ಹಿಡಿದುಕೊಳ್ಳುತ್ತಾರೆ, ಎಷ್ಟು ದಿನ ಮುಂಚೆ ಹೇಳಬೇಕು ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ.

ಹಂತ 8: ಕಾಲು ಜಾರುವ ಜಾಗಗಳು

ಸಾಲದ ಆ್ಯಪ್‌ಗಳು. ಮೂರು ಸಾವಿರ ಬೇಕಾದಾಗ ಮೂರು ನಿಮಿಷದಲ್ಲಿ ಬರುತ್ತದೆ, ನಿಜ. ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲ ಕೊಡುವವರು ವಾರ್ಷಿಕ ಬಡ್ಡಿದರ, ಎಲ್ಲ ಶುಲ್ಕಗಳನ್ನು ಒಂದೇ ಹಾಳೆಯಲ್ಲಿ ಮೊದಲೇ ತೋರಿಸಬೇಕು, ಯಾವ ಬ್ಯಾಂಕ್ ಅಥವಾ ಹಣಕಾಸು ಕಂಪನಿಯ ಹಣ ಎಂದು ಹೇಳಬೇಕು. ಇವು ಕಾಣದಿದ್ದರೆ, ಅಥವಾ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಫೋಟೊಗಳನ್ನು ಕೇಳಿದರೆ, ಆ ಕ್ಷಣವೇ ತೆಗೆದುಹಾಕಿ. ನಾಳೆ ಬೆದರಿಕೆಗೆ ಬಳಕೆಯಾಗುವುದು ಅದೇ.

ಇದಕ್ಕಿಂತ ಅಪಾಯದ್ದು ಖಾತೆ ಬಾಡಿಗೆ. ‘ನಿನ್ನ ಅಕೌಂಟ್, ಎಟಿಎಂ ಕಾರ್ಡ್ ಒಂದು ತಿಂಗಳು ಕೊಡು, ಐದು ಸಾವಿರ ಕೊಡ್ತೀನಿ’ ಎಂದು ಹಾಸ್ಟೆಲ್‌ಗಳಲ್ಲಿ ಸೀನಿಯರ್‌ಗಳೇ ಕೇಳುತ್ತಾರೆ. ವಂಚನೆಯ ಹಣ ಆ ಖಾತೆಯ ಮೂಲಕ ಹಾದುಹೋಗುತ್ತದೆ, ಪೊಲೀಸರು ಬರುವುದು ಖಾತೆದಾರನ ಹುಡುಕಿಕೊಂಡು. ಖಾತೆ ಫ್ರೀಜ್ ಆದರೆ ಸ್ಕಾಲರ್‌ಶಿಪ್ಪೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೀವೇ ಮೋಸಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಗಂಟೆಗಳಲ್ಲಿ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ‘ನಿಮಗೆ ಸ್ಕಾಲರ್‌ಶಿಪ್ ಮಂಜೂರಾಗಿದೆ, ಯುಪಿಐ ಪಿನ್ ಹಾಕಿ’ ಎಂದರೆ ಅದು ಮೋಸವೇ. ಹಣ ಪಡೆಯಲು ಪಿನ್ ಬೇಕಿಲ್ಲ.

ಹಂತ 9: ಕೆಲಸ ಸಿಕ್ಕ ಮೇಲೆ, ಅಥವಾ ಸಿಗದಿದ್ದಾಗ

ಕೆಲಸ ಸಿಕ್ಕಿದರೆ ಸುಲಭ. ಸಂಬಳ ಬರುವ ಮರುದಿನಕ್ಕೆ ಕಂತು ಕತ್ತರಿಸುವಂತೆ ಮಾಡಿ. ಬದಲಾಗುವ ಬಡ್ಡಿದರದ ಸಾಲವಾದರೆ ಮುಂಚಿತವಾಗಿ ಕಟ್ಟಿದ್ದಕ್ಕೆ ದಂಡವಿಲ್ಲ. ಬೋನಸ್ ಬಂದಾಗ ಅಸಲಿಗೆ ಹಾಕಿ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಕಟ್ಟಿದ ಬಡ್ಡಿಯಷ್ಟೂ, ಎಂಟು ವರ್ಷದವರೆಗೆ, ಆದಾಯದಿಂದ ಕಳೆಯಲು ಅವಕಾಶವಿದೆ. ಅಸಲಿಗೆ ಇಲ್ಲ, ಹೊಸ ಪದ್ಧತಿಯಲ್ಲೂ ಇಲ್ಲ.

ಕೆಲಸ ಸಿಗದಿದ್ದರೆ ಬ್ಯಾಂಕಿನಿಂದ ತಲೆಮರೆಸಿಕೊಳ್ಳುವುದೇ ಸಹಜ ಪ್ರವೃತ್ತಿ, ಅದೇ ದುಬಾರಿಯೂ ಹೌದು. ಕಂತು ತಪ್ಪಿ 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಸಾಲ ತೀರಿಸುವ ನಂಬಿಕೆ ತೋರಿಸುವ ಸಿಬಿಲ್ ಅಂಕ ಬೀಳುವುದು ನಿಮ್ಮದಷ್ಟೇ ಅಲ್ಲ, ಜಂಟಿ ಸಹಿ ಹಾಕಿದ ಅಪ್ಪನದ್ದೂ. ಆಮೇಲೆ ಅವರಿಗೆ ಟ್ರ್ಯಾಕ್ಟರ್ ಸಾಲವೂ ಕಷ್ಟ. ಮೊದಲ ಕಂತಿನ ದಿನಾಂಕಕ್ಕೆ ಎರಡು ತಿಂಗಳು ಮುಂಚೆಯೇ ಬ್ರಾಂಚಿಗೆ ಹೋಗಿ, ಅವಧಿ ವಿಸ್ತರಣೆಗೋ ಚಿಕ್ಕ ಕಂತಿಗೋ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಕೊನೆಯ ಕಂತು ಕಟ್ಟಿದ ದಿನ ‘ಬಾಕಿ ಇಲ್ಲ’ ಪತ್ರ ಕೇಳಿ ಪಡೆಯಬೇಕು. ಜಮೀನು ಅಥವಾ ಮನೆಯ ಪತ್ರ ಇಟ್ಟಿದ್ದರೆ ಸಾಲ ತೀರಿದ 30 ದಿನದೊಳಗೆ ಬ್ಯಾಂಕ್ ಅವನ್ನು ಹಿಂದಿರುಗಿಸಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಒಂದೆರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆಸಿ, ಆ ಸಾಲದ ಮುಂದೆ ‘ಕ್ಲೋಸ್ಡ್’ ಎಂದಿದೆಯೇ, ನಿಮ್ಮದರಲ್ಲೂ ಜಂಟಿ ಸಾಲಗಾರರದ್ದರಲ್ಲೂ ನೋಡಿಕೊಳ್ಳಿ. ‘ಸೆಟಲ್ಡ್’ ಎಂದಿದ್ದರೆ ಅದು ಬೇರೆ ಅರ್ಥ ಕೊಡುತ್ತದೆ: ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ್ದು ಎಂದು. ಪೂರ್ತಿ ಕಟ್ಟಿಯೂ ಹಾಗೆ ಬಂದಿದ್ದರೆ ‘ಬಾಕಿ ಇಲ್ಲ’ ಪತ್ರ ತೋರಿಸಿ ತಿದ್ದಿಸಿ.